ತೆರೆದೇ ಬಿಡಬೇಕಾಗಿದ್ದ ಮುಲಾಮು

2005ನೇ ಇಸವಿಯ ಜೂನ್ 11, ಶನಿವಾರ. ಈ ದಿನಾಂಕವನ್ನು ನಾನು ನೆನಪಿನಿಂದ ಬರೆಯುತ್ತಿಲ್ಲ. ಕಣಗಳ ಗಾತ್ರ ಅಳೆಯುವ ಯಂತ್ರ ಅಂದು ಮುದ್ರಿಸಿಕೊಟ್ಟ ಕಾಗದದ ಪಟ್ಟಿಯ ಛಾಯಾಪ್ರತಿ ನನ್ನ ಬಳಿ ಇದೆ. ಅದನ್ನು ನೋಡಿ ಬರೆಯುತ್ತಿದ್ದೇನೆ. ಮೂಲ ಪಟ್ಟಿ ಶಾಖ ತಾಗಿದರೆ ಕಪ್ಪಾಗುವ ಬಗೆಯ ಕಾಗದದ್ದು, ಅದರ ಅಕ್ಷರಗಳು ಕುವೈತಿನಲ್ಲಿರುವಾಗಲೇ ಮಾಸತೊಡಗಿದ್ದವು. ಶನಿವಾರ ಎಂದು ಕಂಡಾಗ ಮೊದಲು ನನಗೆ ಅನುಮಾನವಾಯಿತು. ಅಲ್ಲಿ ನಾನಿದ್ದ ಕೊನೆಯ ವರ್ಷಗಳಲ್ಲಿ ಶನಿವಾರ ರಜೆ. ಹಳೆಯ ಕ್ಯಾಲೆಂಡರಿನೊಂದಿಗೆ ತಾಳೆ ನೋಡಿದೆ, ವಾರ ಸರಿಯಾಗಿತ್ತು. ವಾರದ ರಜೆ ಗುರುವಾರ ಶುಕ್ರವಾರದಿಂದ ಶುಕ್ರವಾರ ಶನಿವಾರಕ್ಕೆ ಬದಲಾದದ್ದು 2007ರಲ್ಲಿ. ಹಾಗಾಗಿ ಆ ದಿನ ನಾವು ಕೆಲಸದಲ್ಲಿದ್ದೆವು ಎಂಬುದರಲ್ಲಿ ಸಂದೇಹವಿಲ್ಲ.

ಕುವೈತ್ ಸಿಟಿಯ ಅಂಚಿನಲ್ಲಿದ್ದ ಒಂದು ಪ್ರಯೋಗಾಲಯದಲ್ಲಿ, ಚರ್ಮದ ಮೂಲಕ ಔಷಧವನ್ನು ಒಳಗೆ ಕಳುಹಿಸುವ ಲಿಪಿಡ್ ಕಿರುಚೀಲಗಳನ್ನು ತಯಾರಿಸುವುದು ನನ್ನ ಕೆಲಸವಾಗಿತ್ತು. ನಮ್ಮ ಚರ್ಮದ ಹೊರಪದರ ಇಟ್ಟಿಗೆ ಗೋಡೆಯ ಹಾಗೆ: ಸತ್ತ ಜೀವಕೋಶಗಳೇ ಇಟ್ಟಿಗೆ, ಅವುಗಳ ನಡುವಿನ ಕೊಬ್ಬೇ ಗಾರೆ. ಹೆಚ್ಚಿನ ಔಷಧಗಳು ಆ ಗಾರೆಯನ್ನು ದಾಟಲಾರವು. ಸೋಯಾಬೀನಿನಿಂದ ತೆಗೆದ ಫಾಸ್ಫೊಲಿಪಿಡ್ ಎಂಬ ಕೊಬ್ಬನ್ನು ಸರಿಯಾದ ಕ್ರಮದಲ್ಲಿ ನೀರಿಗೆ ಸೇರಿಸಿದರೆ ಅದು ತಾನಾಗಿಯೇ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಾಗಿ ಮಡಚಿಕೊಳ್ಳುತ್ತದೆ. ಆ ಚೀಲದೊಳಗೆ ಔಷಧವನ್ನು ತುಂಬಿದರೆ, ಅದು ಗಾರೆಯ ಜಾತಿಯದೇ ಆದ್ದರಿಂದ, ಗಾರೆಯೊಳಗೆ ನುಸುಳಬಹುದು ಎಂಬುದು ಈ ವಿದ್ಯೆಯ ತಿರುಳು. ನಾವು ತುಂಬುತ್ತಿದ್ದದ್ದು ಜೋಮು ಹಿಡಿಸುವ ಲಿಡೊಕೇನ್. ಉದ್ದೇಶವಾದರೂ ಒಂದೇ: ಸರ್ಪಸುತ್ತು ವಾಸಿಯಾದ ಮೇಲೂ ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುವ ನರದ ಉರಿಯನ್ನು, ಸೂಜಿ ಚುಚ್ಚದೆ, ಮುಲಾಮಿನಿಂದ ತಣಿಸುವುದು.

ಆ ಶನಿವಾರ ಮೊದಲ ಬಾರಿಗೆ ಕಿರುಚೀಲಗಳೆಲ್ಲ ಒಂದೇ ಅಳತೆಯಲ್ಲಿ ಬಂದಿದ್ದವು. ಅವು ಎಥನಾಲ್, ಅಂದರೆ ಮದ್ಯಸಾರ, ಬೆರೆತ ಬಗೆಯವು. ಲಿಪಿಡ್ಡನ್ನೂ ಔಷಧವನ್ನೂ ಎಥನಾಲಿನಲ್ಲಿ ಕರಗಿಸಿ, ಮುಚ್ಚಿದ ಪಾತ್ರೆಯಲ್ಲಿ ಉಗುರುಬೆಚ್ಚಗೆ ಇಟ್ಟು, ತಿರುಗಿಸುತ್ತಲೇ ನೀರನ್ನು ಸಣ್ಣ ಎಳೆಯಾಗಿ ಬಿಡಬೇಕು. ಎಥನಾಲ್ ಇರುವುದರಿಂದಲೇ ಚೀಲದ ಗೋಡೆ ಮೆತ್ತಗಾಗುತ್ತದೆ, ಚರ್ಮದ ಗಾರೆಯೂ ಸಡಿಲವಾಗುತ್ತದೆ. ಆದರೆ ಅದು ಆವಿಯಾಗಬಾರದು. ಆವಿಯಾದರೆ ಚೀಲಗಳು ಒಂದಕ್ಕೊಂದು ಅಂಟಿ ಮೊಸರಿನಂತೆ ಒಡೆಯುತ್ತವೆ. ನಮ್ಮ ಲ್ಯಾಬ್ ಟೆಕ್ನಿಷಿಯನ್, ಉಡುಪಿ ಕಡೆಯ ಕ್ಯಾಥೊಲಿಕ್ ಮಹಿಳೆ, ಬೇಸಿಗೆಯಿಡೀ ಬಾಗಿಲಲ್ಲಿ ನಿಂತವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: ಸೀಲ್ ಮಾಡಿ, ಸೀಲ್ ಮಾಡಿ, ಹಾರಿ ಹೋಗ್ತದೆ.

ಆ ಮಾತನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಪಾಲಿಸುತ್ತಿದ್ದವರು ನಮ್ಮ ಸ್ಟೋರ್‌ಕೀಪರ್. ಅವರು ಮಂಗಳೂರಿನ ಬ್ಯಾರಿ, ಐವತ್ತು ದಾಟಿದ್ದರು. ನಮ್ಮ ಸಂಸ್ಥೆಯ ನೌಕರರಲ್ಲ, ಆಳುಗಳನ್ನು ಒದಗಿಸುವ ಒಂದು ಕಂಪನಿಯ ಮೂಲಕ ಬಂದವರು. ಅವರ ಕಫೀಲ್, ಅಂದರೆ ವೀಸಾದ ಹೊಣೆ ಹೊತ್ತ ಒಡೆಯ, ಆ ಕಂಪನಿಯೇ. ಮದ್ಯ ನಿಷಿದ್ಧವಾದ ದೇಶದಲ್ಲಿ ಶುದ್ಧ ಎಥನಾಲ್ ಬೀಗದೊಳಗಿನ ವಸ್ತು. ಆ ಬೀಗದ ಕೈ ಅವರ ಸೊಂಟದಲ್ಲಿರುತ್ತಿತ್ತು. ನಮಗೆ ಬೇಕಾದಷ್ಟನ್ನು ಕೈಗವಸು ಹಾಕಿ ಅಳೆದು, ಬಾಟಲಿಯ ಕತ್ತಿಗೆ ಎಳೆದರೆ ಹಿಗ್ಗುವ ಮೇಣದ ಹಾಳೆಯನ್ನು ಬಿಗಿಯಾಗಿ ಸುತ್ತಿ, ಅದರ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂಡಿಸಿ, ಆಮೇಲಷ್ಟೇ ಕೊಡುತ್ತಿದ್ದರು. ಎಥನಾಲಿಗೆ ಮಾತ್ರವಲ್ಲ, ಉಪ್ಪಿನ ಡಬ್ಬಿಗೂ ಹಾಗೆಯೇ. ಅವರ ಸ್ಟೋರಿನಿಂದ ತೆರೆದ ವಸ್ತು ಹೊರಬಂದದ್ದನ್ನು ನಾನು ಕಂಡಿಲ್ಲ. ಟೆಕ್ನಿಷಿಯನ್ ತಮಾಷೆ ಮಾಡುತ್ತಿದ್ದರು: “ಕಾಕಾ, ನಿಮ್ಮನ್ನು ಬಿಟ್ರೆ ಕಿಟಕಿಗೂ ಸೀಲ್ ಹಾಕ್ತೀರಿ.” ಅವರು ನಗದೆ ಉತ್ತರಿಸುತ್ತಿದ್ದರು: “ಹಾಕ್ತೇನೆ ಮೇಡಂ. ನೀವು ಇಂಡೆಂಟ್ ಚೀಟಿ ಕೊಡಿ.”

ಜುಲೈ ತಿಂಗಳಲ್ಲಿ ಅವರಿಗೇ ಸರ್ಪಸುತ್ತು ಎದ್ದಿತು. ಎದೆಯ ಎಡಭಾಗದಿಂದ ಬೆನ್ನಿನವರೆಗೆ ಗುಳ್ಳೆಯ ಪಟ್ಟಿ. ಊರಲ್ಲಾಗಿದ್ದರೆ ಕಾವಿಮಣ್ಣು ಹಚ್ಚಿ ಬಿಡ್ತಿದ್ರು ಎಂದು ಟೆಕ್ನಿಷಿಯನ್ ಅಂದರು. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು. ಗುಳ್ಳೆಗಳು ಒಣಗಿದವು, ಕಲೆ ಉಳಿಯಿತು, ಉರಿ ಮಾತ್ರ ಹೋಗಲಿಲ್ಲ. ಗಾಯವಿಲ್ಲದ ಚರ್ಮಕ್ಕೆ ಬಟ್ಟೆ ಸೋಕಿದರೂ ಬೆಂಕಿ ಸೋಕಿದಂತೆ. ಕಂಪನಿಯ ಸಮವಸ್ತ್ರವೋ ದಪ್ಪ ಟೆರಿಕಾಟಿನದು. ಎಡಗೈಯ ಎರಡು ಬೆರಳುಗಳಿಂದ ಅಂಗಿಯನ್ನು ಎದೆಯಿಂದ ಎತ್ತಿ ಹಿಡಿದುಕೊಂಡು, ಒಂದೇ ಕೈಯಲ್ಲಿ ಡ್ರಮ್ಮು ಪೆಟ್ಟಿಗೆಗಳನ್ನು ತಳ್ಳುತ್ತಿದ್ದರು. ರಾತ್ರಿಯ ನಿದ್ದೆ ಹೋಗಿತ್ತು. ಕೆಲವು ದಿನ ಒಳಅಂಗಿಯಿಲ್ಲದೆ ಹಳೆಯ ಹತ್ತಿಯ ಜುಬ್ಬದಲ್ಲಿ ಬಂದರು. ಕಂಪನಿಯ ಮೇಲ್ವಿಚಾರಕ ಒಂದು ಬೆಳಿಗ್ಗೆ ಬಂದು ನೋಡಿದವನು, “ಚಾಚಾ, ಯೂನಿಫಾರ್ಮ್ ನಹೀಂ ತೊ ಡ್ಯೂಟಿ ನಹೀಂ” ಎಂದು ಹೇಳಿಹೋದ. ಅವರ ಇಕಾಮಾ, ಅಂದರೆ ವಾಸದ ಪರವಾನಗಿ, ಅಕ್ಟೋಬರಿನಲ್ಲಿ ನವೀಕರಣಕ್ಕೆ ಬರುತ್ತಿತ್ತು. ಸಮವಸ್ತ್ರ ತೊಟ್ಟು ಪೂರ್ತಿ ಕೆಲಸ ಮಾಡಲಾರದವರ ಇಕಾಮಾವನ್ನು ಕಂಪನಿ ನವೀಕರಿಸುತ್ತಿರಲಿಲ್ಲ. ಟಿಕೆಟ್ ಕೊಟ್ಟು ಕಳುಹಿಸುತ್ತಿತ್ತು. ಊರಿನಲ್ಲಿ ಅವರ ಕೊನೆಯ ಮಗಳು ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದಳು. ಅವಳ ಓದು ಮುಗಿಯುವ ತನಕ ಇಲ್ಲಿ ನಿಲ್ಲಬೇಕು ಎಂಬುದೊಂದೇ ಅವರ ಲೆಕ್ಕ.

ನಮ್ಮ ಯೋಜನೆಯಲ್ಲಿ ಸಹಭಾಗಿಯಾಗಿದ್ದ ಈಜಿಪ್ಟಿನ ಚರ್ಮವೈದ್ಯೆ ಅವರನ್ನು ಪರೀಕ್ಷಿಸಿ, ಪ್ರಯೋಗಕ್ಕೆ ಒಪ್ಪಿದ ಕೆಲವೇ ರೋಗಿಗಳ ಪೈಕಿ ಇವರನ್ನೂ ಸೇರಿಸಬಹುದು ಎಂದರು. ಸಂಸ್ಥೆಯ ನೌಕರರಾಗಿದ್ದರೆ, ಮನುಷ್ಯರ ಮೇಲಿನ ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ನೀತಿ ಸಮಿತಿ ಬಿಡುತ್ತಿರಲಿಲ್ಲ. ಕಂಪನಿಯ ಆಳಾಗಿದ್ದದ್ದರಿಂದ ಬಿಟ್ಟಿತು. ಅವರು ನನ್ನ ಕೋಣೆಗೆ ಬಂದು ಬಾಗಿಲ ಬಳಿಯೇ ನಿಂತು ಕೇಳಿದರು.

“ಸಾರ್, ನೀವು ಮಾಡುವ ಆ ಮುಲಾಮು ಇದಕ್ಕೇ ಅಲ್ವಾ?”

“ಇದಕ್ಕೇ. ಆದರೆ ಕೆಲಸ ಮಾಡುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ.”

“ಮಾತು ಬೇಡ ಸಾರ್. ಮುಲಾಮು ಕೊಡಿ.”

ಕೊಡಲು ಇರಲಿಲ್ಲ. ಜೂನಿನ ತಯಾರಿ ಪರೀಕ್ಷೆಗಳಲ್ಲೇ ಮುಗಿದಿತ್ತು. ಹೊಸದನ್ನು ಮಾಡಲು ಎಥನಾಲ್ ಬೇಕು. ನಮಗೆ ಮಂಜೂರಾಗಿದ್ದ ಪಾಲು ಜುಲೈ ಕೊನೆಗೆ ತೀರಿತು, ಮುಂದಿನದಕ್ಕೆ ಅನುಮತಿ ಬರಬೇಕು. ಆಗಸ್ಟಿನಲ್ಲಿ ಕುವೈತಿನ ಕಚೇರಿಗಳೆಂದರೆ ಕುರ್ಚಿಗಳು ಮಾತ್ರ; ಸಹಿ ಹಾಕುವವರೆಲ್ಲ ಬಿಸಿಲು ತಪ್ಪಿಸಿಕೊಂಡು ಹೊರದೇಶಗಳಿಗೆ ಹೋಗಿರುತ್ತಾರೆ. ನಮ್ಮ ಕಾಗದಪತ್ರ ಓಡಾಡಿಸುವ ಮಂದೂಬ್ ವಾರಕ್ಕೊಮ್ಮೆ ಬಂದು “ಇನ್‌ಶಾ ಅಲ್ಲಾ, ಬುಕ್ರಾ” ಎನ್ನುತ್ತಿದ್ದ. ಇಂದು ಅಲ್ಲ, ನಾಳೆ ಎಂದು ಅದರರ್ಥ. ವಿಪರ್ಯಾಸವೆಂದರೆ, ಎಥನಾಲ್ ಇಲ್ಲ ಎಂದು ಪ್ರತಿ ಸಲ ನನಗೆ ಹೇಳಬೇಕಾಗಿದ್ದವರು ಅದೇ ಸ್ಟೋರ್‌ಕೀಪರ್. ಅಂಗಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಕಪಾಟನ್ನು ತೆರೆದು ತೋರಿಸಿ, “ಬೀಗ ನನ್ನ ಕೈಯಲ್ಲಿ ಉಂಟು ಸಾರ್, ಒಳಗೆ ಎಂತದ್ದೂ ಇಲ್ಲ” ಎನ್ನುತ್ತಿದ್ದರು.

ಬೇರೆ ದಾರಿಗಳನ್ನು ಹುಡುಕಿದೆವು. ಆಸ್ಪತ್ರೆಗಳಲ್ಲಿ ಬಳಸುವ ಸ್ಪಿರಿಟ್ಟಿಗೆ ಕುಡಿಯಬಾರದೆಂದು ಕಹಿ ಬೆರೆಸಿರುತ್ತಾರೆ. ಅದನ್ನು ಉರಿಯುವ ಚರ್ಮಕ್ಕೆ ಹಚ್ಚುವ ವಸ್ತುವಿನಲ್ಲಿ ಸೇರಿಸುವ ಧೈರ್ಯ ನನಗಿರಲಿಲ್ಲ. ಐಸೊಪ್ರೊಪನಾಲ್ ಎಂಬ ಇನ್ನೊಂದು ಬಗೆಯ ಆಲ್ಕೊಹಾಲಿನಲ್ಲಿ ಮಾಡಿ ನೋಡಿದೆವು. ಚೀಲಗಳು ಹುಟ್ಟಿದವು, ಆದರೆ ಔಷಧವನ್ನು ಹಿಡಿದಿಡಲಿಲ್ಲ. ವೇಗವಾಗಿ ತಿರುಗುವ ಸೆಂಟ್ರಿಫ್ಯೂಜಿನಲ್ಲಿ ಚೀಲಗಳನ್ನು ತಳಕ್ಕಿಳಿಸಿ ಮೇಲಿನ ನೀರನ್ನು ಅಳೆದಾಗ ಔಷಧದ ಬಹುಪಾಲು ಹೊರಗೇ ಉಳಿದಿತ್ತು. ಅದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದೆವು. ಫಲಿತಾಂಶ ಬದಲಾಗಲಿಲ್ಲ.

ಆಗಸ್ಟ್ ಕೊನೆಯ ವಾರ ನಾನೊಂದು ನಿರ್ಧಾರಕ್ಕೆ ಬಂದೆ. ಎಥನಾಲಿಗಾಗಿ ಕಾಯುವುದನ್ನು ಬಿಟ್ಟು, ಎಥನಾಲೇ ಬೇಡದ ಇನ್ನೊಂದು ಬಗೆಯ ಕಿರುಚೀಲಕ್ಕೆ ಹೋಗುವುದು. ಲಿಪಿಡ್ಡಿನ ಜೊತೆಗೆ ಪಾಲಿಸಾರ್ಬೇಟ್ ಎಂಬ ಸಾಬೂನಿನ ಜಾತಿಯ ವಸ್ತುವನ್ನು ಸ್ವಲ್ಪ ಬೆರೆಸಿದರೆ ಚೀಲದ ಗೋಡೆ ಬಳುಕುವ ಗುಣ ಪಡೆಯುತ್ತದೆ. ತನಗಿಂತ ಕಿರಿದಾದ ಸಂದಿಯಲ್ಲಿ ಅದು ಒಡೆಯದೆ ಹಿಂಡಿಕೊಂಡು ನುಗ್ಗಬಲ್ಲದು. ತಯಾರಿಯ ಕ್ರಮ ಬೇರೆ. ದುಂಡನೆಯ ಫ್ಲಾಸ್ಕಿನಲ್ಲಿ ಎಲ್ಲವನ್ನೂ ಬೇರೊಂದು ದ್ರಾವಕದಲ್ಲಿ ಕರಗಿಸಿ, ನಿರ್ವಾತದಲ್ಲಿ ತಿರುಗಿಸುತ್ತ ದ್ರಾವಕವನ್ನು ಪೂರ್ತಿ ಓಡಿಸಬೇಕು. ಗಾಜಿನ ಒಳಮೈಗೆ ತೆಳುವಾದ ಪೊರೆ ಅಂಟಿ ಉಳಿಯುತ್ತದೆ. ಅದಕ್ಕೆ ಬೆಚ್ಚಗಿನ ನೀರು ಹೊಯ್ದು ತೊಳೆದಂತೆ ಆಡಿಸಿದರೆ ಪೊರೆ ಎದ್ದು ಹಾಲಿನಂಥ ದ್ರವವಾಗುತ್ತದೆ. ಅದನ್ನು ಸೂಕ್ಷ್ಮ ರಂಧ್ರಗಳ ಜಾಳಿಗೆಯ ಮೂಲಕ ಹಾಯಿಸಿದರೆ ಚೀಲಗಳು ಒಂದೇ ಗಾತ್ರಕ್ಕೆ ಬರುತ್ತವೆ. ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಒಪ್ಪಿ ಕೊಟ್ಟ ಚರ್ಮದ ತುಂಡುಗಳನ್ನು ಎರಡು ಗಾಜಿನ ಕೋಶಗಳ ನಡುವೆ ಬಿಗಿದು ಪರೀಕ್ಷಿಸಿದಾಗ, ಔಷಧ ಇಳಿಯಬೇಕಾದಲ್ಲಿಗೆ ಇಳಿದಿತ್ತು.

ಒಂದೇ ಒಂದು ಷರತ್ತು. ಈ ಚೀಲಗಳನ್ನು ಒಳಗೆ ಎಳೆಯುವುದು ತೇವ. ಚರ್ಮದ ಮೇಲುಭಾಗ ಒಣಗಿರುತ್ತದೆ, ಒಳಭಾಗದಲ್ಲಿ ನೀರಿರುತ್ತದೆ. ಹಚ್ಚಿದ ಮುಲಾಮು ಆರುತ್ತಿದ್ದಂತೆ ಚೀಲಗಳು ನೀರನ್ನು ಅರಸಿ ಒಳಗೆ ಇಳಿಯುತ್ತವೆ. ಮೇಲೆ ಏನನ್ನಾದರೂ ಮುಚ್ಚಿದರೆ ಅಲ್ಲಿಯೂ ತೇವ ನಿಂತು, ಇಳಿಯಲು ಕಾರಣವೇ ಇಲ್ಲದಂತಾಗುತ್ತದೆ. ಎಥನಾಲಿನ ಮುಲಾಮನ್ನು ಮುಚ್ಚಿಡಬೇಕಾಗಿತ್ತು. ಇದನ್ನು ತೆರೆದೇ ಬಿಡಬೇಕು.

ಸ್ಪಿರಿಟ್ ಇಲ್ಲದ ಮುಲಾಮು ಎಂದು ತಿಳಿದಾಗ ಸ್ಟೋರ್‌ಕೀಪರಿಗೆ ಸಮಾಧಾನವಾಯಿತು. ನಮಾಜಿಗೆ ನಿಲ್ಲುವಾಗ ಮನಸ್ಸಿನಲ್ಲಿ ಗಲಿಬಿಲಿ ಇರುವುದಿಲ್ಲ ಎಂದರು. ಸೆಪ್ಟೆಂಬರ್ ಮೊದಲ ಭಾಗದಲ್ಲಿ ಚರ್ಮವೈದ್ಯೆ ಅವರಿಗೆ ಒಂದು ಟ್ಯೂಬು ಕೊಟ್ಟು, ಬ್ಯಾಂಡೇಜು ಕಟ್ಟಬಾರದು, ಗಾಳಿಯಾಡಲಿ ಎಂದು ಅರಬ್ಬಿಯಲ್ಲಿ ವಿವರಿಸಿದರು. ಜೊತೆಗಿದ್ದ ಸೂಚನಾಪತ್ರದಲ್ಲಿಯೂ ಅದೇ ಇತ್ತು. ಮರುದಿನದಿಂದ ಅವರು ಸಮವಸ್ತ್ರ ತೊಟ್ಟು ಬಂದರು. ನಾನು ದಿನವೂ ನೆಪ ಮಾಡಿಕೊಂಡು ಸ್ಟೋರಿನ ಕಡೆ ಹೋಗಿ ಅವರ ಎಡಗೈಯನ್ನು ನೋಡುತ್ತಿದ್ದೆ. ಎರಡು ಬೆರಳುಗಳು ಅಂಗಿಯನ್ನು ಬಿಡಲಿಲ್ಲ. ಹೇಗಿದೆ ಎಂದರೆ, “ತಣ್ಣಗಾಗ್ತದೆ ಸಾರ್, ಆಮೇಲೆ ಅದೇ” ಎನ್ನುತ್ತಿದ್ದರು.

ಏನು ತಪ್ಪಿರಬಹುದೆಂದು ತೆಗೆದಿಟ್ಟಿದ್ದ ಮಾದರಿಯನ್ನು ಮತ್ತೆ ಅಳೆದೆವು. ಗಾತ್ರ ಸರಿ, ಚೀಲದೊಳಗಿನ ಔಷಧವೂ ಸರಿ. ಹೊಸ ಚರ್ಮದ ತುಂಡಿನ ಮೇಲೆ ಪರೀಕ್ಷಿಸಿದೆವು. ಅಲ್ಲಿ ಔಷಧ ಇಳಿಯಿತು. ಗಾಜಿನ ಕೋಶದಲ್ಲಿ ಇಳಿಯುವುದು ಜೀವಂತ ಮನುಷ್ಯನಲ್ಲಿ ಏಕೆ ಇಳಿಯುವುದಿಲ್ಲ? ಉರಿಗೊಂಡ ಚರ್ಮದ ಹೊರಪದರವೇ ಬೇರೆ ಇರಬಹುದೇ ಎಂದು ಗ್ರಂಥಾಲಯದಲ್ಲಿ ಕುಳಿತು ಓದಿದೆ. ಉತ್ತರ ಸಿಕ್ಕಿದ್ದು ಸ್ಟೋರಿನ ಕಟ್ಟೆಯ ಬಳಿ, ಅದೂ ಟೆಕ್ನಿಷಿಯನ್ನರಿಗೆ. ಮೇಲಿನ ಅಟ್ಟದಿಂದ ಪೆಟ್ಟಿಗೆ ತೆಗೆಯಲು ಕಾಕಾ ಬಲಗೈ ಎತ್ತಿದಾಗ ಅಂಗಿಯ ಎರಡು ಗುಂಡಿಗಳ ನಡುವೆ ಏನೋ ಮಿನುಗಿತಂತೆ. ಟೆಕ್ನಿಷಿಯನ್ ನನ್ನನ್ನು ಕರೆದರು. ಸ್ಟೋರ್‌ಕೀಪರ್ ಯಾವ ಸಂಕೋಚವೂ ಇಲ್ಲದೆ ಅಂಗಿ ಬಿಚ್ಚಿ ತೋರಿಸಿದರು. ಎದೆಯ ಎಡಭಾಗದ ಕಲೆಯ ಮೇಲೆ, ಬಾಟಲಿಯ ಕತ್ತಿಗೆ ಸುತ್ತುವ ಅದೇ ಮೇಣದ ಹಾಳೆ. ತುಂಡು ತುಂಡಾಗಿ ಜೋಡಿಸಿ, ಅಂಚುಗಳನ್ನು ಒತ್ತಿ ಕೂಡಿಸಿ, ಎಲ್ಲಿಯೂ ಸುಕ್ಕಿಲ್ಲದೆ ಅಂಟಿಸಲಾಗಿತ್ತು. ಅಷ್ಟು ನೋಯುವ ಜಾಗದಲ್ಲಿ ಅಷ್ಟು ಅಚ್ಚುಕಟ್ಟಾಗಿ ಒತ್ತಲು ಅವರು ಎಷ್ಟು ಸಹಿಸಿರಬೇಕು ಎಂಬುದೇ ನನಗೆ ಮೊದಲು ಹೊಳೆದದ್ದು.

“ಕಾಕಾ, ಕಟ್ಟಬೇಡಿ ಅಂತ ಡಾಕ್ಟ್ರು ಹೇಳಲಿಲ್ವಾ?” ಎಂದರು ಟೆಕ್ನಿಷಿಯನ್.

“ಬ್ಯಾಂಡೇಜ್ ಕಟ್ಟಬೇಡ ಅಂದ್ರು. ನಾನು ಕಟ್ಟಲಿಲ್ಲ. ಇದು ಸೀಲ್ ಮಾಡಿದ್ದು.”

“ಎಂತಕ್ಕೆ ಸೀಲ್?”

ಅವರು ನಮ್ಮಿಬ್ಬರನ್ನೂ ನೋಡಿದರು. “ಬೇಸಿಗೆ ಇಡೀ ನೀವೇ ಹೇಳಿದ್ದಲ್ವಾ ಮೇಡಂ, ಹಾರಿ ಹೋಗ್ತದೆ ಅಂತ? ಇಷ್ಟು ಕಷ್ಟದಲ್ಲಿ ಮಾಡಿದ ಮದ್ದು. ಒಂದು ಚೂರೂ ಹಾಳಾಗಬಾರದು ಅಂತ ಮಾಡಿದ್ದು ಸಾರ್.”

ಟೆಕ್ನಿಷಿಯನ್ ಕೈಗವಸು ಹಾಕಿಕೊಂಡು ಹಾಳೆಯನ್ನು ಅಂಚಿನಿಂದ ಮೆಲ್ಲಗೆ ಬಿಡಿಸತೊಡಗಿದರು. ಕೆಳಗಿನ ಚರ್ಮ ಬೆವರಿನಿಂದ ಒದ್ದೆಯಾಗಿ, ಬಹಳ ಹೊತ್ತು ನೀರಿನಲ್ಲಿಟ್ಟ ಬೆರಳಿನ ಹಾಗೆ ಬಿಳುಚಿತ್ತು. ಹಚ್ಚಿದ ಮುಲಾಮು ಹಚ್ಚಿದಂತೆಯೇ ಮೇಲೆ ಉಳಿದಿತ್ತು.

ಟ್ಯೂಬು ಆಗಲೇ ಬರಿದಾಗಿತ್ತು. ಇನ್ನೊಂದನ್ನು ಮಾಡಲು ಎಲ್ಲವೂ ಇತ್ತು, ಲಿಪಿಡ್ ಒಂದನ್ನು ಬಿಟ್ಟು. ಅದು ಸದಾ ಹಿಮದಷ್ಟು ತಂಪಿನಲ್ಲಿರಬೇಕಾದ ವಸ್ತು. ಹೊಸ ಸರಕು ವಿಮಾನ ನಿಲ್ದಾಣ ತಲುಪಿತ್ತು. ಸೋಯಾದಿಂದ ಬಂದದ್ದು ಆಹಾರವೋ ರಾಸಾಯನಿಕವೋ ಎಂಬ ಪ್ರಶ್ನೆ ಕಸ್ಟಮ್ಸಿನಲ್ಲಿ ಎದ್ದು ಅದು ಅಲ್ಲಿನ ಶೆಡ್ಡಿನಲ್ಲೇ ನಿಂತಿತ್ತು. ಮಂದೂಬ್ ಬಿಡಿಸಿಕೊಂಡು ಬಂದಾಗ ಪೆಟ್ಟಿಗೆಯೊಳಗಿನ ಒಣಹಿಮ ಪೂರ್ತಿ ಆವಿಯಾಗಿ, ಹೊರಗಿನ ಥರ್ಮಾಕೋಲ್ ಬಿಸಿಯಾಗಿತ್ತು. ಬಾಟಲಿ ತೆರೆದೊಡನೆ ಹಳೆಯ ಕರಿದ ಎಣ್ಣೆಯ ವಾಸನೆ. ಪೆರಾಕ್ಸೈಡ್ ಪರೀಕ್ಷೆ ಮಾಡಿದೆವು. ಲಿಪಿಡ್ ಕೆಟ್ಟಿತ್ತು.

ಕೆಟ್ಟ ಲಿಪಿಡ್ಡಿನಿಂದಲೂ ಚೀಲಗಳು ಆಗುತ್ತವೆ. ಗಾತ್ರವೂ ಸರಿ ಬರಬಹುದು. ಆದರೆ ಅದು ಮೊದಲೇ ಉರಿಯುವ ಚರ್ಮವನ್ನು ಇನ್ನಷ್ಟು ಕೆರಳಿಸುತ್ತದೆ. ಟೆಕ್ನಿಷಿಯನ್ ನನ್ನ ಮುಖ ನೋಡಿದರು. ಬೇಡ ಎಂದೆ. ಹಳೆಯ ಬಾಟಲಿಯ ತಳದಲ್ಲಿದ್ದದ್ದನ್ನು ಕೆರೆದು ತೂಗಿದಾಗ ಅರ್ಧ ಟ್ಯೂಬಿಗೆ ಸಾಕಾಗುವಷ್ಟಿತ್ತು. ಅಷ್ಟನ್ನೇ ಮಾಡಿ, ವೈದ್ಯೆಯ ಮೂಲಕ ಅವರಿಗೆ ತಲುಪಿಸಿದೆವು. ಈ ಬಾರಿ ಟೆಕ್ನಿಷಿಯನ್ ಎದುರಿಗೆ ಕುಳ್ಳಿರಿಸಿ ಹೇಳಿಕೊಟ್ಟರು: ಹಚ್ಚಿ, ಆರುವ ತನಕ ಅಂಗಿ ಹಾಕದೆ ಫ್ಯಾನಿನ ಕೆಳಗೆ ಕೂತುಕೊಳ್ಳಿ. ಅವರ ಕೋಣೆಯಲ್ಲಿ ಮಂಚದ ಮೇಲೆ ಮಂಚ, ಆರು ಜನರ ವಾಸ. ಅಂಗಿ ಬಿಚ್ಚಿ ಕೂರುವುದೇ ನಾಚಿಕೆ ಎಂದರು. ಆದರೂ ಕೂರುತ್ತೇನೆ ಎಂದರು.

ಇಲ್ಲಿಂದ ಮುಂದಿನದು ನನ್ನ ನೆನಪು. ಅಕ್ಟೋಬರ್ ಮೊದಲ ವಾರದಲ್ಲಿ ರಂಜಾನ್ ಶುರುವಾಯಿತು. ಕೆಲಸದ ಹೊತ್ತು ಕಡಿಮೆಯಾಯಿತು. ರಂಜಾನ್ ನಡುವೆ ಒಂದು ಮಧ್ಯಾಹ್ನ ಸ್ಟೋರಿನ ಬಾಗಿಲಲ್ಲಿ ಅವರನ್ನು ಕಂಡೆ. ಬೀಗದ ಕೈಗಳ ಗೊಂಚಲು ಕಟ್ಟೆಯ ಮೇಲಿತ್ತು, ಕಂಪನಿ ಕಳುಹಿಸಿದ್ದ ಹೊಸಬನೊಬ್ಬ ಅದನ್ನು ಎಣಿಸುತ್ತಿದ್ದ. ಅವರ ಎಡಗೈ ಎಂದಿನಂತೆ ಅಂಗಿಯನ್ನು ಎತ್ತಿ ಹಿಡಿದಿತ್ತು.

“ಖಲಾಸ್ ಸಾರ್,” ಎಂದರು. “ಮದ್ದು ಒಳ್ಳೇದೇ ಇತ್ತು.”

ಮಗಳ ಓದು ಎಲ್ಲಿಗೆ ಬಂತು ಎಂದು ಕೇಳಿದೆ. ಅವರು ಉತ್ತರಿಸಿದರು, ಏನೆಂದು ಈಗ ನೆನಪಿಲ್ಲ. ಈದ್ ಹಬ್ಬಕ್ಕೆ ಮೊದಲೇ ಅವರು ಊರಿಗೆ ಹೋದರು, ಉರಿಯನ್ನು ಹೊತ್ತುಕೊಂಡೇ ಹೋದರು. ಮತ್ತೆ ನಾನು ಅವರನ್ನು ನೋಡಲಿಲ್ಲ. ಇಷ್ಟು ವರ್ಷ ಇದನ್ನು ಹೀಗೆಯೇ ನಂಬಿಕೊಂಡು ಬಂದಿದ್ದೇನೆ. ಯೋಜನೆಯ ಅಂತಿಮ ವರದಿಯಲ್ಲಿ, ರೋಗಿಗಳ ಸಂಖ್ಯೆ ಸಾಲದ್ದರಿಂದ ತೀರ್ಮಾನಕ್ಕೆ ಬರಲಾಗಲಿಲ್ಲ ಎಂದು ಬರೆದದ್ದೂ ನಾನೇ.

ಈ ಬರಹಕ್ಕಾಗಿ ದಿನಾಂಕಗಳನ್ನು ತಾಳೆ ನೋಡುವಾಗ, ಈಗ ಊರಿನಲ್ಲಿ ನೆಲೆಸಿರುವ ಟೆಕ್ನಿಷಿಯನ್ನರಿಗೆ ಫೋನ್ ಮಾಡಿದೆ. ಕಾಕಾ ಹೋದದ್ದು ಯಾವಾಗ ಎಂದು ಅವರಿಗೂ ಖಚಿತವಿಲ್ಲ. “ಡಿಸೆಂಬರ್ ಅಲ್ವಾ ಸರ್? ನಂಗೆ ಹೋಗುವ ಮುಂಚೆ ಕಾಕಾ ಬಿರಿಯಾನಿ ತಂದದ್ದು ಮಾತ್ರ ನೆನಪುಂಟು” ಎಂದರು. ಎರಡು ದಿನ ಬಿಟ್ಟು ಒಂದು ಛಾಯಾಚಿತ್ರವನ್ನು ಮೊಬೈಲಿನಲ್ಲಿ ಕಳುಹಿಸಿದರು. ಲಿಪಿಡ್ ಇಡಲು ನಾವು ಬಹುಕಾಲದಿಂದ ಕೇಳಿದ್ದ ಫ್ರೀಜರ್ ಕೊನೆಗೂ ಬಂದ ದಿನ, ಅದರ ಮುಂದೆ ಎಲ್ಲರೂ ನಿಂತು ತೆಗೆಸಿಕೊಂಡದ್ದು. ನಾನೂ ಇದ್ದೇನೆ, ಆದರೆ ಈ ಚಿತ್ರ ತೆಗೆದದ್ದೇ ನನಗೆ ನೆನಪಿಲ್ಲ. ಬಲತುದಿಯಲ್ಲಿ ಸ್ಟೋರ್‌ಕೀಪರ್ ನಿಂತಿದ್ದಾರೆ. ಮೂಲೆಯಲ್ಲಿ ಕ್ಯಾಮೆರಾ ಮುದ್ರಿಸಿದ ಕಿತ್ತಳೆ ಬಣ್ಣದ ಅಂಕಿಗಳು: 2005, ನವೆಂಬರ್ 22. ಈದ್ ಮುಗಿದು ಎರಡು ವಾರಗಳಿಗೂ ಹೆಚ್ಚಾಗಿತ್ತು.

ಕ್ಯಾಮೆರಾದ ಗಡಿಯಾರ ತಪ್ಪಿರಬಹುದೆಂದು ಸಂಸ್ಥೆಯ ಆ ವರ್ಷದ ವಾರ್ಷಿಕ ವರದಿಯನ್ನು ನೋಡಿದೆ. ಫ್ರೀಜರ್ ಸ್ಥಾಪನೆಯಾದದ್ದು ನವೆಂಬರಿನಲ್ಲೇ. ಹಾಗಾದರೆ ಇಕಾಮಾ ನವೀಕರಣವಾಗಿತ್ತೇ, ಅಥವಾ ಕಂಪನಿ ಅವರನ್ನು ಕಳುಹಿಸುವುದನ್ನು ಕೆಲವು ವಾರ ಮುಂದೂಡಿತ್ತೇ, ತಿಳಿಯುವ ದಾರಿಯಿಲ್ಲ. ಅವರ ಹಳೆಯ ದೂರವಾಣಿ ಸಂಖ್ಯೆ ಈಗ ಬೇರೆ ಯಾರದೋ ಆಗಿದೆ. ಅರ್ಧ ಟ್ಯೂಬು ಕೆಲಸ ಮಾಡಿತೇ ಎಂದೂ ಹೇಳಲಾರೆ. ಇಂಥ ಉರಿ ಕೆಲವರಲ್ಲಿ ತಾನಾಗಿಯೇ ಹೋಗುತ್ತದೆ ಎಂದು ಚರ್ಮವೈದ್ಯೆ ಆಗಲೇ ಹೇಳಿದ್ದರು.

ಚಿತ್ರದಲ್ಲಿ ಅವರು ಸಮವಸ್ತ್ರದ ಅಂಗಿಯನ್ನು ಕೊರಳಿನವರೆಗೆ ಗುಂಡಿ ಹಾಕಿ ತೊಟ್ಟಿದ್ದಾರೆ. ಫ್ರೀಜರಿನ ಜೊತೆಗೆ ಬಂದ ಒಂದು ರಟ್ಟಿನ ಪೆಟ್ಟಿಗೆಯನ್ನು ಎರಡೂ ಕೈಗಳಿಂದ ಎದೆಗೆ ಅಪ್ಪಿಕೊಂಡಿದ್ದಾರೆ, ಎಡಭಾಗಕ್ಕೆ ಒತ್ತಿ. ಚಿತ್ರ ಎಡಬಲ ತಿರುಗಿರಬಹುದೇ ಎಂದು ಹಿಗ್ಗಿಸಿ ಪರೀಕ್ಷಿಸಿದೆ. ಪೆಟ್ಟಿಗೆಯ ಮೇಲಿನ ಅಕ್ಷರಗಳು ನೇರವಾಗಿಯೇ ಇವೆ.